ಅಪ್ಪನ ಮಗ್ಗಲು ಹೊರಳಿಸುವವರು ಯಾರು?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತು. ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)



ಸಂಘದ ಹುಡುಗರು ಫೋನ್ ಮಾಡಿ, "ಅಣ್ಣಾ, ಈ ಸಲ ತಂದಿ-ತಾಯಿ ಸೇವಾ ಅಂತ ಒಂದು ವಿಷಯ ಇಟ್ಟೇವಿ, ನೀವು ಮಾತಾಡ್ರಿ" ಅಂದಾಗ ನಾನು ಮೊದಲು ಒಲ್ಲೆ ಅಂದಿದ್ದೆ. ಸೇವೆ ಅನ್ನುವ ಮಾತಿಗೇ ನನಗೆ ಅಂಜಿಕೆ. ಸೇವೆ ಅಂದಕೂಡಲೇ ಶ್ರಾವಣಕುಮಾರ ಬರುತ್ತಾನೆ, ಅವನ ಹೆಗಲ ಮೇಲೆ ಕಾವಡಿ ಬರುತ್ತದೆ. ನಮ್ಮ ಮಹಾರಾಷ್ಟ್ರ ಸರ್ಕಾರ ಮುದುಕರ ಪಗಾರಕ್ಕೂ ಅವನ ಹೆಸರೇ ಇಟ್ಟಿದೆ, ಶ್ರಾವಣಬಾಳ ಯೋಜನೆ ಅಂತ. ಆದರೆ ಆ ಕಾವಡಿ ಹೊತ್ತವನ ಹೆಗಲು ಎಷ್ಟು ನೋಯ್ತು, ಅವನಿಗೆ ಅನ್ನ ಹಾಕಿದವರು ಯಾರು, ಒಂದು ದಿನ ಅವನಿಗೇ ಜ್ವರ ಬಂದಿದ್ದರೆ ಕಾವಡಿ ಹೊರುವವರು ಯಾರು, ಇದನ್ನು ಆ ಕಥೆ ಹೇಳಿದವರು ಯಾರೂ ನನಗೆ ಹೇಳಲಿಲ್ಲ. ನಾನು ಮಾತಾಡಬೇಕು ಅಂದುಕೊಂಡದ್ದು ಅದೇ.

ನನ್ನ ಅಪ್ಪ ಕಬ್ಬು ಕಡಿಯುವವನು. ಜತ್ತ ತಾಲೂಕಿನ ಈ ಮಗ್ಗಲಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಸರಾ ಮುಗಿಯಿತೆಂದರೆ ಗಂಡ-ಹೆಂಡತಿ ಕೂಡಿ ಒಂದು ಕೊಯ್ತಾ, ಮುಕಾದಮನ ಉಚಲ ಕಿಸೆಯಲ್ಲಿ, ಹೊರಟರೆ ಕಾರಖಾನೆ ಬಂದ್ ಆದ ಮೇಲೇ ತಿರುಗಿ ಊರು. ಇಪ್ಪತ್ತು ಹಂಗಾಮಿಗೂ ಹೆಚ್ಚು ಕಡಿದ. ಅವ್ವ ನಡುವೆಯೇ ತೀರಿಕೊಂಡಳು. ಮೊಣಕಾಲು ಹೋದ ಮೇಲೆ ಅಪ್ಪ ಮನೆ ಹಿಡಿದು ಕುಂತ. ಅಷ್ಟು ವರ್ಷ ದುಡಿದದ್ದಕ್ಕೆ ಪಿಂಚಣಿ ಇಲ್ಲ, ಪ್ರಾವಿಡೆಂಟ್ ಫಂಡ್ ಇಲ್ಲ, ದುಡಿದ ಅನ್ನುವುದಕ್ಕೆ ಒಂದು ಚೀಟಿ ಕೂಡ ಇಲ್ಲ. ನಾನು ಐಟಿಐ ಮಾಡಿಕೊಂಡು ಪಿಂಪ್ರಿ-ಚಿಂಚವಾಡದ ಒಂದು ಕಂಪನಿ ಸೇರಿದೆ. ಹೆಂಡತಿ, ಎರಡು ಮಕ್ಕಳು ಅಪ್ಪನ ಕೂಡ ಊರಲ್ಲಿ.

2019ರ ಜನವರಿಯಲ್ಲಿ ಒಂದು ಮುಂಜಾನೆ ಅಪ್ಪ ಚಹಾದ ಕಪ್ಪು ಹಿಡಿದವನು ಕೈಬಿಟ್ಟ. ಬಾಯಿ ಒಂದು ಕಡೆ ಸೊಟ್ಟಾಯಿತು, ಮಾತು ತೊದಲಿತು. ಕೇರಿಯವರು ಗಾಳಿ ಸೋಕೈತಿ ಅಂದರು. ಇನ್ನೊಬ್ಬರು ಲಕ್ವಾಕ್ಕೆ ಫಲಾನೆ ಊರಲ್ಲಿ ಗಿಡಮೂಲಿಕೆ ಕೊಡತಾರ ಅಂದರು. ಅಲ್ಲಿಗೆ ಒಯ್ದರು, ಎಣ್ಣೆ ತಿಕ್ಕಿಸಿದರು. ಮಿರಜಿನ ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಮರುದಿನ ಸಂಜೆ. ನಾನು ಪುಣೆಯಿಂದ ಬಂದು ನಿಂತಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ನಿನ್ನೆ ಯಾಕ ತರಲಿಲ್ಲ?" ರಕ್ತ ಹೆಪ್ಪುಗಟ್ಟಿ ಆದ ಲಕ್ವಾ ಇದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಅದೂ ತಲೆಯ ಸಿಟಿ ಸ್ಕ್ಯಾನ್ ನೋಡಿದ ಮೇಲೆ. ನಾವು ಒಂದೂವರೆ ದಿನ ತಡ. ಇದನ್ನು ಓದುವವರು ಬೇರೆ ಏನು ಮರೆತರೂ ಇದನ್ನು ಮರೀಬ್ಯಾಡ್ರಿ. ಬಾಯಿ ಸೊಟ್ಟ, ಒಂದು ಕೈ ಮ್ಯಾಲೆ ಏಳವಲ್ಲದು, ಮಾತು ತೊದಲುತ್ತದೆ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಹಚ್ಚಿ. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಆಮೇಲೆ ಅಪ್ಪ ಹಾಸಿಗೆಯಲ್ಲೇ ಮೂರು ವರ್ಷ. ನಾನು ತಿಂಗಳಾ ತಿಂಗಳಾ ರೊಕ್ಕ ಕಳಿಸುತ್ತಿದ್ದೆ. ಗುಳಿಗೆ ಯಾವುದೂ ತಪ್ಪಿಸಲಿಲ್ಲ. ಹಬ್ಬಕ್ಕೆ ಬಂದಾಗ ಹಣ್ಣು ತರುತ್ತಿದ್ದೆ, ಅಪ್ಪನ ಪಕ್ಕದಲ್ಲಿ ಅರ್ಧ ತಾಸು ಕೂತು ಕಾಲು ಒತ್ತುತ್ತಿದ್ದೆ. ಮಂದಿ "ಮಗಾ ಅಂದ್ರ ಹಿಂಗಿರಬೇಕು" ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು, ಕಂಪನಿ ಬಂದ್ ಆಯಿತು, ನಾನು ಊರಿಗೆ ಬಂದೆ. ಬಂದ ನಾಲ್ಕನೇ ದಿನ ಹೆಂಡತಿಗೆ ಬೆನ್ನು ಹಿಡಿದುಕೊಂಡು ಏಳಲಿಕ್ಕೆ ಆಗಲಿಲ್ಲ. ಮಲಗಿದಲ್ಲಿಂದಲೇ ಅಂದಳು: "ಈಗ ಎಂಟ ಗಂಟೆ ಆತು. ಮಾಮಾನ ಮಗ್ಗಲ ಹೊರಳಸ್ರಿ."

ನನಗೆ ಹೊರಳಿಸಲು ಬರಲಿಲ್ಲ. ಸೋತ ಕೈಯನ್ನೇ ಹಿಡಿದು ಎಳೆದೆ, ಅಪ್ಪ ಚೀರಿದ. "ಆ ಕೈ ಹಿಡೀಬ್ಯಾಡ್ರಿ, ಭುಜ ಕೀಲು ಬಿಡತೈತಿ" ಅಂತ ಆಕೆ ಮಲಗಿದಲ್ಲಿಂದಲೇ ಒಂದೊಂದಾಗಿ ಹೇಳಿಕೊಟ್ಟಳು. ಸೊಂಟದ ಕೆಳಗೆ ಮಡಿಸಿದ ಚಾದರ ಹಾಕಿರಬೇಕು, ಮನುಷ್ಯನನ್ನು ಎಳೆಯಬಾರದು, ಚಾದರವನ್ನು ಎಳೆಯಬೇಕು. ಇಬ್ಬರಿದ್ದರೆ ಇಬ್ಬರೂ ಒಟ್ಟಿಗೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಗಂಡದ ಕೆಳಗೆ ದಿಂಬು. ಹಾಸಿಗೆಯಲ್ಲಿ ಒಂದು ಸುಕ್ಕು ಉಳಿದರೂ ಅಲ್ಲಿ ಚರ್ಮ ಕೆಂಪಾಗುತ್ತದೆ. ಕೆಂಪಾದಲ್ಲಿ ತಿಕ್ಕಬಾರದು. ಎರಡು ತಾಸಿಗೊಮ್ಮೆ, ರಾತ್ರಿಯೂ.

ನಾನು ಕಂಪನಿಯವನು, ಲೆಕ್ಕ ಹಾಕುವ ಚಟ. ಎರಡು ತಾಸಿಗೊಮ್ಮೆ ಅಂದರೆ ದಿನಕ್ಕೆ ಹನ್ನೆರಡು ಸಲ, ತಿಂಗಳಿಗೆ ಮುನ್ನೂರ ಅರವತ್ತು. ಅಪ್ಪ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಐದು ಸಾವಿರ ಸಲ ಆಕೆ ಒಬ್ಬಾಕೆಯೇ ನನ್ನ ಅಪ್ಪನನ್ನು ಹೊರಳಿಸಿದ್ದಳು. ನಾನು ಕಳಿಸಿದ ರೊಕ್ಕದ ಪಟ್ಟಿ ನನ್ನ ಮೊಬೈಲಿನಲ್ಲಿತ್ತು. ಆಕೆಯ ಪಟ್ಟಿ ಎಲ್ಲೂ ಇರಲಿಲ್ಲ.

ಮೊದಲ ಸಲ ನಾನು ಅಪ್ಪನ ಹೇಸಿಗೆ ತೆಗೆದಾಗ ಆತ ಗೋಡೆಯ ಕಡೆ ಮುಖ ಮಾಡಿ ಅತ್ತ. "ಯಾಕಪ್ಪಾ, ನಾ ನಿನ್ನ ಮಗಾ ಅಲ್ಲೇನು?" ಅಂದೆ. ಹೊರಗೆ ಬಂದು ಹೆಂಡತಿಗೆ ಹೇಳಿದರೆ, "ದಿನಾ ಅಳತಾರ. ನನ್ನ ಮುಂದ ವರ್ಷದಿಂದ ಅಳಾಕತ್ತಾರ" ಅಂದಳು. ಸೊಸೆಯ ಕೈಯಲ್ಲಿ ತೊಳೆಸಿಕೊಳ್ಳುವ ಮಾವನ ನಾಚಿಕೆ, ತೊಳೆಯುವ ಸೊಸೆಯ ನಾಚಿಕೆ, ಎರಡನ್ನೂ ನುಂಗಿಕೊಂಡು ಆ ಮನೆ ನಡೆದಿತ್ತು. ನನಗೆ ಫೋನಿನಲ್ಲಿ "ಎಲ್ಲಾ ಅರಾಮ ಅದೀವಿ" ಅಂತ ಮಾತ್ರ ಬರುತ್ತಿತ್ತು.

ಇನ್ನೊಂದನ್ನು ಹೇಳಲೇಬೇಕು, ಹೇಳದಿದ್ದರೆ ಈ ಮಾತು ಸುಳ್ಳಾಗುತ್ತದೆ. ಆ ಬೇಸಿಗೆಯ ಒಂದು ರಾತ್ರಿ ಅಪ್ಪ ನಾಲ್ಕನೇ ಸಲ ಹಾಸಿಗೆ ಒದ್ದೆ ಮಾಡಿದ. ನಾನು ನಿದ್ದೆಗೆಟ್ಟವನು. ಕೈ ಎತ್ತಿದೆ. ಹೊಡೆಯಲಿಲ್ಲ, ಆದರೆ ಎತ್ತಿದ್ದು ಅಪ್ಪ ನೋಡಿದ. ಎರಡು ತಿಂಗಳಲ್ಲಿ ನನಗೆ ಹೀಗಾದರೆ, ವರ್ಷಗಟ್ಟಲೆ ಮಾಡಿದವರಿಗೆ ಏನಾಗಿರಬೇಕು? ನಿಮ್ಮ ಮನೆಯ ಸೊಸೆ ಅತ್ತೆಯ ಮೇಲೆ ಒದರಿದಳು ಅಂದರೆ ಬೈಯುವ ಮುಂಚೆ, ಆಕೆ ಕಡೆಯ ಸಲ ಪೂರಾ ರಾತ್ರಿ ನಿದ್ದೆ ಮಾಡಿದ್ದು ಯಾವಾಗ ಅಂತ ಕೇಳಿ. 14416 ಅಂತ ಟೆಲಿಮಾನಸ್ ನಂಬರು ಇದೆ, ಹಗಲು-ರಾತ್ರಿ ನಡೆಯುತ್ತದೆ, ರೊಕ್ಕ ಇಲ್ಲ, ಕನ್ನಡದಲ್ಲೂ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅದು ಅಂತ ತಿಳಿಯಬ್ಯಾಡ್ರಿ. ಮನಸ್ಸು ದಣಿದವರಿಗೂ ಅದು ಇದೆ.

"ಒಬ್ಬರನ್ನ ಪಗಾರಕ್ಕ ಇಟ್ಟುಕೊಳ್ರಿ" ಅಂದವರಿದ್ದಾರೆ. ಇಟ್ಟುಕೊಳ್ಳುವಷ್ಟು ರೊಕ್ಕ ಒಂದು ಮಾತು. ರೊಕ್ಕ ಇದ್ದರೂ ನಮ್ಮ ಕೇರಿಗೆ ಬಂದು ನಮ್ಮವರ ಮೈ ತೊಳೆಯುವವರು ಯಾರು? ಊರವರು ಬರುವುದಿಲ್ಲ, ಇದು ನಿಮಗೂ ಗೊತ್ತು ನನಗೂ ಗೊತ್ತು. ಆದರೆ ಪುಣೆಯ ದೊಡ್ಡ ದೊಡ್ಡ ಸೊಸೈಟಿಗಳಲ್ಲಿ ಮುದುಕರನ್ನು ನೋಡಿಕೊಳ್ಳುವ ಆಯಾ ಕೆಲಸಕ್ಕೆ ಹೋಗುವವರಲ್ಲಿ ನಮ್ಮ ಹೆಣ್ಣುಮಕ್ಕಳಿದ್ದಾರೆ. ಹನ್ನೆರಡು ತಾಸಿನ ಪಾಳಿ. ನಮ್ಮ ಕೇರಿಯವಳೇ ಒಬ್ಬಾಕೆ ಅಲ್ಲಿ ಬೇರೆಯವರ ತಾಯಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಾಳೆ. ಇಲ್ಲಿ ಆಕೆಯ ಅವ್ವ ಒಬ್ಬಾಕೆಯೇ ಒಲೆ ಹಚ್ಚಿಕೊಳ್ಳುತ್ತಾಳೆ. ಆಕೆ ಕಲಿತ ಕೆಲಸವನ್ನು ನಮ್ಮ ಕೇರಿಯವರಿಗೆ ಒಂದು ದಿನ ಕಲಿಸಿಕೊಡು ಅಂತ ನಾವು ಯಾರೂ ಇವತ್ತಿನ ತನಕ ಕೇಳಿಲ್ಲ. ಇಂಥಾ ಕೆಲಸದ ಬಗ್ಗೆ ನಮ್ಮೊಳಗೇ ಒಂದು ಕೀಳು ಎಣಿಕೆ ಇದೆ. ಹೇಸಿಗೆ ತೆಗೆಯುವುದನ್ನು ನಮ್ಮ ಹಣೆಗೆ ಕಟ್ಟಿದವರ ವಿರುದ್ಧ ಹೋರಾಡಿದ ಮಂದಿ ನಾವು, ಅದಕ್ಕೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಅದೇ ಕೆಲಸವನ್ನು ಮನೆಯೊಳಗೆ ಹೆಂಗಸರ ಹಣೆಗೆ ಕಟ್ಟಿ ನಾವು ಕಟ್ಟೆಯ ಮೇಲೆ ಕೂತರೆ ಏನು ಹೇಳಬೇಕು?

ಈಗ ಕಾಗದಪತ್ರದ ಮಾತು. ಇದು ನಿಜವಾಗಿ ಸಂಘದ ಹುಡುಗರಿಗೆ.

ನಮ್ಮ ಹಿರಿಯರಿಗೆ ಬರುವುದು ಕನ್ನಡ, ಕಚೇರಿಯ ಕಾಗದ ಮರಾಠಿ. ಅಪ್ಪನ ಪಗಾರ ಒಂದು ಸಲ ಎಂಟು ತಿಂಗಳು ನಿಂತಿತು. ಆತ ಬದುಕಿದ್ದಾನೆ ಅನ್ನುವ ಹಯಾತಿ ದಾಖಲಾ ವರ್ಷಕ್ಕೊಮ್ಮೆ ಕೊಡಬೇಕು, ಕೊಟ್ಟಿರಲಿಲ್ಲ. ಚೀಟಿ ಬಂದಿತ್ತು. ಹೆಂಡತಿಗೆ ಮರಾಠಿ ಓದಲು ಬರುವುದಿಲ್ಲ, ಕ್ಯಾಲೆಂಡರಿನ ಹಿಂದೆ ಸಿಗಿಸಿಟ್ಟಿದ್ದಳು. ತಪ್ಪು ಆಕೆಯದಲ್ಲ, ಕಚೇರಿಯದು ಅಂತಲೂ ಪೂರಾ ಹೇಳಲಾರೆ. ಮರಾಠಿ ಓದಲು ಬರುವ ನಾನು ಅದರ ಫೋಟೋ ಕಳಿಸು ಅಂತ ಒಮ್ಮೆಯೂ ಕೇಳಿರಲಿಲ್ಲ.

ಶ್ರಾವಣಬಾಳ ಯೋಜನೆ 65 ತುಂಬಿದವರಿಗೆ. ಬಡತನರೇಖೆಯ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲವೇ ಮನೆಯ ವರಮಾನ ವರ್ಷಕ್ಕೆ 21,000 ರೂಪಾಯಿ ಒಳಗಿರಬೇಕು, ರಾಜ್ಯದಲ್ಲಿ ಹದಿನೈದು ವರ್ಷ ವಾಸವಿರಬೇಕು. ತಿಂಗಳಿಗೆ 1,500 ರೂಪಾಯಿ. 65 ಆಗದ ವಿಧವೆಯರು, ಅಂಗವಿಕಲರು, ದೊಡ್ಡ ಜಡ್ಡಿನವರು ಸಂಜಯ ಗಾಂಧಿ ನಿರಾಧಾರ ಯೋಜನೆ ಕೇಳಬೇಕು. ಎರಡಕ್ಕೂ ತಹಶೀಲ ಕಚೇರಿ. ನಮ್ಮಲ್ಲಿ ಅರ್ಜಿ ತಿರುಗಿ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಹೆಸರು. ನಮ್ಮ ಯಲ್ಲಪ್ಪ ರೇಶನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮೂರನೇ ರೀತಿ. ಎರಡು, ವಯಸ್ಸು. ಆಧಾರ್ ಮಾಡುವಾಗ ಯಾರೋ ಬಾಯಿಗೆ ಬಂದ ವರ್ಷ ಹೇಳಿರುತ್ತಾರೆ, ಎಪ್ಪತ್ತರ ಮುದುಕಿ ಕಾಗದದಲ್ಲಿ ಅರವತ್ತೊಂದು. ಮುದುಕಿ ಜಡ್ಡಿನಲ್ಲಿ ಬಿದ್ದ ಮೇಲೆ ಇದನ್ನು ಸರಿಮಾಡಲು ಓಡಾಡುವುದು ಬಹಳ ಕಷ್ಟ. ನಡೆದಾಡುವಾಗಲೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಅದನ್ನೂ ಅವತ್ತೇ ನೋಡಿ.

70 ದಾಟಿದವರಿಗೆ ವರಮಾನ ನೋಡದೆ ಆಯುಷ್ಮಾನ್ ವಯ ವಂದನಾ ಕಾರ್ಡು ಕೊಡುತ್ತಾರೆ. 2024ರ ಅಕ್ಟೋಬರಿನಲ್ಲಿ ಶುರುವಾದದ್ದು, ವರ್ಷಕ್ಕೆ 5 ಲಕ್ಷದವರೆಗಿನ ಉಪಚಾರ. ಗಡಿಯಲ್ಲಿರುವ ನಮಗೆ ಇದರಲ್ಲಿ ಒಂದು ಅನುಕೂಲ ಇದೆ. ನಮಗೆ ಸಾಂಗಲಿಯಷ್ಟೇ ವಿಜಯಪುರವೂ ಬಳಕೆ, ಅಲ್ಲಿ ಡಾಕ್ಟರ ಮುಂದೆ ಅವ್ವ ತನ್ನ ನೋವು ತನ್ನ ಮಾತಿನಲ್ಲೇ ಹೇಳಬಲ್ಲಳು. ಈ ಕಾರ್ಡು ಗಡಿಯ ಆಚೆಯೂ ನಡೆಯುತ್ತದೆ, ಆದರೆ ಯೋಜನೆಗೆ ಸೇರಿದ ಆಸ್ಪತ್ರೆ ಇರಬೇಕು. ಹೋಗುವ ಮುಂಚೆ ಫೋನ್ ಮಾಡಿ ಕೇಳ್ರಿ, ಬಾಗಿಲಿಗೆ ಹೋಗಿ ಕೇಳಬ್ಯಾಡ್ರಿ. (75 ದಾಟಿದವರಿಗೆ ನಮ್ಮ ಎಸ್.ಟಿ. ಬಸ್ಸು ಪುಕ್ಕಟೆ, ಆದರೆ ಅದು ರಾಜ್ಯದ ಗಡಿಯ ತನಕ ಮಾತ್ರ. ಗಡಿ ದಾಟಿದ ಮೇಲೆ ಮುದುಕನ ವಯಸ್ಸು ಕಡಿಮೆ ಆಗುತ್ತದೋ ಏನೋ!)

ಯಾವ ಯೋಜನೆ, ಯಾವ ಕಚೇರಿ ಅಂತ ತಿಳಿಯದಿದ್ದರೆ 14567 ಹಿರಿಯರ ಸಹಾಯವಾಣಿ, ಅದಕ್ಕೂ ರೊಕ್ಕ ಬೀಳುವುದಿಲ್ಲ.

ಕಾಯಿದೆಯ ಬಗ್ಗೆಯೂ ಬಹಳ ಮಂದಿ ಕೇಳುತ್ತೀರಿ. 2007ರಲ್ಲಿ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿದೆ. ನೋಡಿಕೊಳ್ಳದ ಮಕ್ಕಳ ಮೇಲೆ ಪ್ರಾಂತ ಅಧಿಕಾರಿಯ ಮುಂದೆ ಅರ್ಜಿ ಕೊಡಬಹುದು, ವಕೀಲರು ಬೇಕಾಗಿಲ್ಲ, ತಿಂಗಳಿಗೆ 10,000 ರೂಪಾಯಿ ತನಕ ಕೊಡಿಸಬಹುದು. ನೋಡಿಕೊಳ್ಳುತ್ತೇನೆ ಅಂತ ಕರಾರು ಮಾಡಿ ಹೊಲ-ಮನೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಬಹುದು. ನಮ್ಮ ಕಡೆಯ ಒಬ್ಬ ಮುದುಕಿಗೆ ಇದನ್ನು ಹೇಳಿದೆ, ನಾಲ್ಕು ಗಂಡುಮಕ್ಕಳಾಕೆ. "ಕೇಸ್ ಮಾಡಿ ತಂದ ಅನ್ನ ಗಂಟಲಾಗ ಇಳೀತೈತೇನೋ ತಮ್ಮಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅದೇ ಕಾಯಿದೆಯಲ್ಲಿ ರಾಜಿ ಮಾಡಿಸುವ ಅಧಿಕಾರಿ ಅಂತ ಒಬ್ಬರು ಇದ್ದಾರೆ. ಆ ಹೆಸರು ಹೇಳಿ ನಾಲ್ವರನ್ನೂ ಒಂದು ಕಡೆ ಕೂಡಿಸಿದೆವು. ಈಗ ಮೂವರು ಮೂರು ಮೂರು ತಿಂಗಳು ಇಟ್ಟುಕೊಳ್ಳುತ್ತಾರೆ, ನಾಲ್ಕನೆಯವನು ಗುಳಿಗೆಯ ಖರ್ಚು ಕೊಡುತ್ತಾನೆ. ಉಳಿದ ಮೂರು ತಿಂಗಳು ಮಗಳ ಮನೆ. ಮಗಳನ್ನು ಸಭೆಗೆ ಕರೆದೇ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆ ಕಾಯಿದೆಯನ್ನು ಓದಿದರೆ 'ಮಕ್ಕಳು' ಅಂದರೆ ಯಾರು ಅಂತ ಬರೆದಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿ ಇಲ್ಲ. ಕಾಯಿದೆ ನನ್ನನ್ನು ಕೇಳುತ್ತದೆ, ನನ್ನ ತಂಗಿಯನ್ನು ಕೇಳುತ್ತದೆ. ಐದು ಸಾವಿರ ಸಲ ಹೊರಳಿಸಿದಾಕೆಯನ್ನು ಕೇಳುವುದಿಲ್ಲ. ಅದು ಓದಿದ ದಿನ ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಬಾಬಾಸಾಹೇಬರ ಚರಿತ್ರೆಯಲ್ಲಿ ಒಂದು ಸಣ್ಣ ಪ್ರಸಂಗ ಇದೆ, ಧನಂಜಯ ಕೀರ ಬರೆದದ್ದು. 1913ರ ಜನವರಿಯಲ್ಲಿ ಅವರು ಬಡೋದೆಯ ನೌಕರಿಗೆ ಸೇರಿದ್ದರು. ಕೆಲವೇ ದಿನಕ್ಕೆ ತಂದೆ ರಾಮಜಿಯವರಿಗೆ ಜಡ್ಡು ಅಂತ ತಾರು ಬಂತು. ಹೊರಟರು. ದಾರಿಯಲ್ಲಿ ಸೂರತ್ ಸ್ಟೇಶನ್ನಿನಲ್ಲಿ ತಂದೆಗೆ ಮಿಠಾಯಿ ಕೊಳ್ಳಲು ಇಳಿದರು, ಗಾಡಿ ತಪ್ಪಿತು. ಮುಂಬಯಿಗೆ ಮುಟ್ಟುವುದು ಮರುದಿನವಾಯಿತು. ಫೆಬ್ರವರಿ 2ಕ್ಕೆ ರಾಮಜಿಯವರು ತೀರಿಕೊಂಡರು. ಇದನ್ನು ನಾನು ಅಪ್ಪ ಹೋದ ಮೇಲೆ, 2022ರಲ್ಲಿ ಓದಿದೆ. ನಾನು ಪ್ರತಿ ಹಬ್ಬಕ್ಕೂ ಸಾಂಗಲಿಯಲ್ಲಿ ಇಳಿದು ಪೇಢಾ ತರುತ್ತಿದ್ದೆ. ಅಪ್ಪನಿಗೆ ಪೇಢಾ ನುಂಗಲಿಕ್ಕೆ ಬರುತ್ತಿರಲಿಲ್ಲ. ಲಕ್ವಾದವರಿಗೆ ತೆಳ್ಳಗಿನ ನೀರೂ ನೆತ್ತಿಗೆ ಹತ್ತುತ್ತದೆ, ಗಟ್ಟಿಯದೂ ಇಳಿಯುವುದಿಲ್ಲ. ಕೂರಿಸಿ, ಸರಿಯಿದ್ದ ಕಡೆಯ ಬಾಯಿಗೆ, ಜೋಳದ ಅಂಬಲಿಯಂಥಾ ದಪ್ಪದ್ದನ್ನು ಸಣ್ಣ ಚಮಚದಲ್ಲಿ ಕೊಡಬೇಕು, ಕೊಟ್ಟ ಮೇಲೆ ಅರ್ಧ ತಾಸು ಮಲಗಿಸಬಾರದು. ಪೇಢಾ ಮಕ್ಕಳು ತಿನ್ನುತ್ತಿದ್ದವು. ಯಾರೂ ನನಗೆ ಹೇಳಲಿಲ್ಲ, ನನಗೆ ಬೇಜಾರಾದೀತು ಅಂತ.

ದಸರಾ ಹತ್ತಿರ ಬಂತು. ಇನ್ನು ಹದಿನೈದು ದಿನಕ್ಕೆ ಟ್ರ್ಯಾಕ್ಟರುಗಳು ಬರುತ್ತವೆ, ಕೇರಿಯಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿಯುತ್ತಾರೆ. ಬಿ.ಪಿ. ಗುಳಿಗೆಯ ಪಟ್ಟಿ ಹಿಡಿದುಕೊಂಡು ಯಾವುದು ಮುಂಜಾನೆಯದು ಯಾವುದು ರಾತ್ರಿಯದು ಅಂತ ಮೂರನೇ ಇಯತ್ತೆಯ ಮೊಮ್ಮಗನನ್ನು ಕೇಳುತ್ತಾರೆ. ಹೋದ ವಾರ ಸಂಘದ ಇಬ್ಬರು ಹುಡುಗರು, ಆಶಾ ತಾಯಿ, ನಾನು ಮನೆ ಮನೆ ತಿರುಗಿ ಒಂದು ವಹಿ ಮಾಡಿದ್ದೇವೆ. ಎಡಗಡೆ ಹಿರಿಯರ ಹೆಸರು, ಗುಳಿಗೆ, ಹಯಾತಿ ದಾಖಲೆಯ ತಾರೀಖು, ಮಕ್ಕಳ ಫೋನ್ ನಂಬರು. ಬಲಗಡೆ ಯಾವ ದಿನ ಯಾರು ಹೋಗಿ ನೋಡಬೇಕು ಅನ್ನುವುದು. ಹಾಸಿಗೆ ಹಿಡಿದವರು ಏಳು ಮಂದಿ. ಅವರನ್ನು ನೋಡಿಕೊಳ್ಳುವವರು ಏಳೂ ಜನ ಹೆಂಗಸರು. ವಾರಕ್ಕೆ ಒಂದು ಮಧ್ಯಾಹ್ನ ಅವರು ಎದ್ದು ಹೊರಗೆ ಹೋಗಬೇಕು, ಸಂತೆಗೋ ತವರಿಗೋ, ಬರೀ ಮಲಗಲಿಕ್ಕೋ. ಆ ಮಧ್ಯಾಹ್ನಕ್ಕೆ ಗಂಡಸರೇ ಬೇಕು ಅಂತ ಹಟ ಹಿಡಿದು ಬರೆದಿದ್ದೇವೆ. ಹೊರಳಿಸುವುದನ್ನು ನನ್ನ ಹೆಂಡತಿ ಕಲಿಸುತ್ತಾಳೆ, ಆಯ್ತವಾರ ಮುಂಜಾನೆ ಹತ್ತಕ್ಕೆ, ಸಮಾಜಮಂದಿರದಲ್ಲಿ. ಒಂದು ಹಳೇ ಚಾದರ ತರ್ರಿ.

ವಹಿ ಈ ಸ್ಟೇಜಿನ ಬಲಕ್ಕೆ ಮೇಜಿನ ಮೇಲಿದೆ. ನನ್ನ ಕಂಪನಿ ರಜೆ ಶನಿವಾರ, ಭಾನುವಾರ, ತಿಂಗಳಿಗೆ ಎರಡು ಸಲ ಬರಬಲ್ಲೆ, ಆ ಎರಡು ಶನಿವಾರಕ್ಕೆ ನನ್ನ ಹೆಸರು ಬರೆದಿದ್ದೇನೆ. ಸೋಮವಾರ, ಬುಧವಾರ ತುಂಬಿವೆ. ಉಳಿದವು ಖಾಲಿ ಇವೆ, ಪೆನ್ನು ದಾರ ಕಟ್ಟಿ ಇಟ್ಟಿದ್ದೇವೆ.